ಡಾಂಟೆ ಸತ್ತ ಮೇಲಿನ ಪುಟಗಳು: ‘ದಿ ಕನ್ಫೆಷನ್’ ಓದಿದವರ ಮಾತು

ಎಲ್ಲರಿಗೂ ನಮಸ್ಕಾರ.

ಈ ಸಂಜೆಯ ಮಾತಿಗೆ ಅಮೆರಿಕದ ಕಾದಂಬರಿಕಾರ ಜಾನ್ ಗ್ರಿಶಮ್ ಅವರ ‘ದಿ ಕನ್ಫೆಷನ್’ ಕಾದಂಬರಿಯನ್ನು ಆರಿಸಿಕೊಂಡಿದ್ದೇನೆ. 2010ರಲ್ಲಿ ಬಂದ ಪುಸ್ತಕ. ನಮ್ಮ ಓದುಗರ ಬಳಗದಲ್ಲಿ ಕೈಯಿಂದ ಕೈಗೆ ದಾಟುತ್ತಾ ಹೋಯಿತು. ಓದಿ ಮುಗಿಸಿದವರು ಸಾಮಾನ್ಯವಾಗಿ ‘ಚೆನ್ನಾಗಿದೆ’ ಎಂದೋ ‘ಪರವಾಗಿಲ್ಲ’ ಎಂದೋ ಹೇಳಿ ಪುಸ್ತಕ ವಾಪಸು ಕೊಡುತ್ತಾರೆ. ಈ ಪುಸ್ತಕದ ವಿಷಯದಲ್ಲಿ ಹಾಗಾಗಲಿಲ್ಲ. ಪ್ರತಿಯೊಬ್ಬರೂ ಒಂದೊಂದು ತಕರಾರು ಹೊತ್ತು ಬಂದರು. ನನ್ನ ಅಭಿಪ್ರಾಯಕ್ಕಿಂತ ಆ ತಕರಾರುಗಳೇ ದೊಡ್ಡವು. ಅವನ್ನೇ ನಿಮ್ಮ ಮುಂದಿಡುತ್ತೇನೆ. ಕಥೆಯ ಗುಟ್ಟನ್ನು ಬಿಟ್ಟುಕೊಡದೆ ಇದರ ಬಗ್ಗೆ ಮಾತಾಡಲು ಸಾಧ್ಯವಿಲ್ಲ. ಇನ್ನೂ ಓದದವರು ದಯವಿಟ್ಟು ಕ್ಷಮಿಸಬೇಕು.

ಕಥೆ ಟೆಕ್ಸಾಸ್ ರಾಜ್ಯದ ಸ್ಲೋನ್ ಎಂಬ ಕಲ್ಪಿತ ಊರಿನದು. ಶಾಲೆಯಲ್ಲಿ ಓದುತ್ತಿದ್ದ ನಿಕೋಲ್ ಎಂಬ ಬಿಳಿಯ ಹುಡುಗಿ ಕಾಣೆಯಾಗುತ್ತಾಳೆ. ಶವ ಸಿಗುವುದಿಲ್ಲ. ಅದೇ ಶಾಲೆಯ ಫುಟ್‌ಬಾಲ್ ಆಟಗಾರ, ಕಪ್ಪು ಹುಡುಗ ಡಾಂಟೆ ಡ್ರಮ್‌ನನ್ನು ಪೊಲೀಸರು ಹಿಡಿದು, ಗಂಟೆಗಟ್ಟಲೆ ಕೂಡಿಹಾಕಿ, ತಪ್ಪೊಪ್ಪಿಗೆ ಹೇಳಿಸುತ್ತಾರೆ. ಮರಣದಂಡನೆಯಾಗುತ್ತದೆ. ಒಂಬತ್ತು ವರ್ಷಗಳ ನಂತರ ಶಿಕ್ಷೆಯ ದಿನ ಹತ್ತಿರವಾದಾಗ, ದೂರದ ಕಾನ್ಸಾಸ್‌ನಲ್ಲಿ ಟ್ರಾವಿಸ್ ಬೊಯೆಟ್ ಎಂಬ ಹಳೇ ಅಪರಾಧಿ ಪಾದ್ರಿಯೊಬ್ಬರ ಬಳಿ ಬಂದು ‘ಕೊಂದವನು ನಾನು’ ಎನ್ನುತ್ತಾನೆ. ಆ ಪಾದ್ರಿ ಕೀತ್ ಶ್ರೋಡರ್, ಪೆರೋಲಿನಲ್ಲಿದ್ದವನನ್ನು ರಾಜ್ಯದ ಗಡಿ ದಾಟಿಸಬಾರದೆಂಬ ಕಾನೂನನ್ನು ಮೀರಿ, ತನ್ನ ಕಾರಿನಲ್ಲೇ ಅವನನ್ನು ಕೂರಿಸಿಕೊಂಡು ರಾತ್ರೋರಾತ್ರಿ ಟೆಕ್ಸಾಸ್‌ಗೆ ಹೊರಡುತ್ತಾರೆ.

ಇಷ್ಟು ಹೇಳಿದರೆ ಮುಂದಿನದು ನಿಮಗೇ ಗೊತ್ತಾಯಿತು ಅನ್ನಿಸುತ್ತದೆ. ಕೊನೇ ಗಳಿಗೆಯಲ್ಲಿ ಫೋನ್ ಬರುತ್ತದೆ, ಹುಡುಗ ಬದುಕುತ್ತಾನೆ. ಹಾಗಾಗುವುದಿಲ್ಲ. ಡಾಂಟೆಯನ್ನು ಹಂಟ್ಸ್‌ವಿಲ್ ಜೈಲಿನಲ್ಲಿ ವಿಷದ ಚುಚ್ಚುಮದ್ದು ಕೊಟ್ಟು ಸಾಯಿಸುತ್ತಾರೆ. ಪುಸ್ತಕದಲ್ಲಿ ಇನ್ನೂ ಬಹಳಷ್ಟು ಪುಟಗಳು ಉಳಿದಿರುತ್ತವೆ.

ಮೊದಲ ತಕರಾರು ಇಲ್ಲೇ ಎದ್ದಿತು. ಜೀವಮಾನವಿಡೀ ಪತ್ತೇದಾರಿ ಕಾದಂಬರಿ ಓದಿದ ಮೇಷ್ಟ್ರೊಬ್ಬರು ‘ಇದು ಓದುಗನಿಗೆ ಮಾಡಿದ ಮೋಸ’ ಎಂದು ಸಿಟ್ಟಾದರು. ಗಡಿಯಾರದ ಮುಳ್ಳು ತೋರಿಸಿ ಓಡಿಸುತ್ತೀರಿ, ಆಮೇಲೆ ನಡುದಾರಿಯಲ್ಲಿ ಕೈಬಿಡುತ್ತೀರಿ, ಮಿಕ್ಕ ಪುಟಗಳಲ್ಲಿ ಏನು ಓದಬೇಕು ಎಂಬುದು ಅವರ ಪ್ರಶ್ನೆ. ಆ ಭಾಗ ಸಪ್ಪೆ ಎಂದವರು ಇನ್ನೂ ಕೆಲವರಿದ್ದರು. ನಾನು ಒಪ್ಪುವುದಿಲ್ಲ. ಈ ಕಾದಂಬರಿ ಬರೆದದ್ದೇ ಆ ಭಾಗಕ್ಕಾಗಿ ಎಂದು ನನಗನಿಸುತ್ತದೆ.

ಏಕೆಂದರೆ ರೋಚಕ ಕಾದಂಬರಿ ನಮ್ಮಲ್ಲಿ ಒಂದು ನಂಬಿಕೆ ಬೆಳೆಸಿಬಿಟ್ಟಿದೆ. ಸತ್ಯ ಹೇಗಾದರೂ ಹೊತ್ತಿಗೆ ಸರಿಯಾಗಿ ಬಂದು ಬಾಗಿಲು ತಟ್ಟುತ್ತದೆ ಎಂಬ ನಂಬಿಕೆ. ಮರಣದಂಡನೆಯ ಪರ ವಾದಿಸುವವರಲ್ಲೂ ಇದೇ ನಂಬಿಕೆ ಇದೆ: ಅಷ್ಟೊಂದು ಮೇಲ್ಮನವಿ, ಅಷ್ಟೊಂದು ನ್ಯಾಯಾಲಯ, ಆಮೇಲೆ ಕ್ಷಮಾದಾನ, ಇಷ್ಟೆಲ್ಲ ಜರಡಿ ದಾಟಿ ನಿರಪರಾಧಿ ಸಾಯುವುದುಂಟೇ? ಗ್ರಿಶಮ್ ಆ ನಂಬಿಕೆಯ ಬೆನ್ನೇರಿ ನಮ್ಮನ್ನು ಓಡಿಸಿ, ಬಾಗಿಲ ಹತ್ತಿರ ಬಂದಾಗ ಬಾಗಿಲು ಮುಚ್ಚುತ್ತಾರೆ. ಆಮೇಲೆ ನಿಕೋಲಳ ಶವ ಮಿಸೌರಿ ರಾಜ್ಯದ ನೆಲದಲ್ಲಿ ಸಿಗುತ್ತದೆ. ಆಗ ನಮಗೆ ಓದಲು ಸಿಗುವುದು ತಪ್ಪು ಮಾಡಿದ ಮೇಲೆ ಪೊಲೀಸ್ ಅಧಿಕಾರಿ, ಪ್ರಾಸಿಕ್ಯೂಟರ್ ಅಂದರೆ ಸರ್ಕಾರಿ ವಕೀಲ, ನ್ಯಾಯಾಧೀಶೆ, ಗವರ್ನರ್ ಹೇಗೆ ನಡೆದುಕೊಳ್ಳುತ್ತಾರೆ ಎಂಬ ವಿವರ. ಯಾರು ಕಣ್ತಪ್ಪಿಸುತ್ತಾರೆ, ಯಾರು ಹೇಳಿಕೆ ತಿದ್ದುತ್ತಾರೆ, ಸತ್ತವನ ತಾಯಿಗೆ ಯಾರು ಮುಖ ತೋರಿಸುತ್ತಾರೆ. ಪತ್ತೇದಾರಿ ಕಥೆಗಳು ಈ ಜಾಗಕ್ಕೆ ಬರುವ ಮೊದಲೇ ಮುಗಿದುಹೋಗುತ್ತವೆ.

ಬಾಗಿಲು ಮುಚ್ಚುವ ಆ ದೃಶ್ಯವನ್ನೂ ಕೆಲವರು ನಂಬಲಿಲ್ಲ. ಡಾಂಟೆಯ ವಿರುದ್ಧ ಸುಳ್ಳು ಸಾಕ್ಷಿ ಹೇಳಿದವನು ಕೊನೆಗೂ ಸತ್ಯ ಒಪ್ಪಿ ಸಹಿ ಹಾಕುತ್ತಾನೆ. ವಕೀಲರು ಆ ಕಾಗದ ಹಿಡಿದು ಓಡುತ್ತಾರೆ. ಸಂಜೆ ಐದಾಯಿತು ಎಂದು ನ್ಯಾಯಾಲಯದ ಕಚೇರಿ ಮುಚ್ಚಿರುತ್ತದೆ. ಕೆಲವೇ ನಿಮಿಷ ತಡ. ‘ಸಿನಿಮಾದ ಹಾಗಿದೆ, ನಿಜದಲ್ಲಿ ಯಾರು ಹೀಗೆ ಮಾಡುತ್ತಾರೆ’ ಎಂದರು.

ನಿಜದಲ್ಲಿ ಆಗಿದೆ. 2007ರ ಸೆಪ್ಟೆಂಬರ್ 25. ಅಂದು ಬೆಳಿಗ್ಗೆ ಅಮೆರಿಕದ ಸುಪ್ರೀಂ ಕೋರ್ಟು, ವಿಷದ ಚುಚ್ಚುಮದ್ದಿನ ಪದ್ಧತಿ ಸಂವಿಧಾನಕ್ಕೆ ಒಪ್ಪುತ್ತದೆಯೇ ಎಂಬ ಪ್ರಕರಣವನ್ನು ವಿಚಾರಣೆಗೆ ಎತ್ತಿಕೊಂಡಿತು. ಅಂದೇ ಸಂಜೆ ಟೆಕ್ಸಾಸ್‌ನಲ್ಲಿ ಮೈಕೆಲ್ ರಿಚರ್ಡ್ ಎಂಬ ಕೈದಿಗೆ ಶಿಕ್ಷೆ ನಿಗದಿಯಾಗಿತ್ತು. ಹೊಸ ಬೆಳವಣಿಗೆಯ ಆಧಾರದ ಮೇಲೆ ತಡೆ ಕೇಳಲು ಅವನ ವಕೀಲರು ಅರ್ಜಿ ಸಿದ್ಧಮಾಡುತ್ತಿದ್ದರು, ಕಂಪ್ಯೂಟರ್ ಕೈಕೊಟ್ಟಿತು ಎಂದು ಅವರು ಹೇಳಿದರು. ‘ಸ್ವಲ್ಪ ಹೊತ್ತು ಕಚೇರಿ ತೆರೆದಿಡಿ’ ಎಂದು ಟೆಕ್ಸಾಸ್‌ನ ನ್ಯಾಯಾಲಯವನ್ನು ಬೇಡಿಕೊಂಡರು. ಐದು ಗಂಟೆಗೆ ಮುಚ್ಚುತ್ತೇವೆ ಎಂಬ ಉತ್ತರ ಬಂತು. ಅಂದು ರಾತ್ರಿಯೇ ಅವನನ್ನು ಸಾಯಿಸಿದರು. ಎರಡೇ ದಿನದಲ್ಲಿ ಅದೇ ಟೆಕ್ಸಾಸ್‌ನ ಇನ್ನೊಬ್ಬ ಕೈದಿಗೆ ಸುಪ್ರೀಂ ಕೋರ್ಟಿನಿಂದ ತಡೆ ಸಿಕ್ಕಿತು. ಮುಂದೆ 2008ರ ಮೇ ತಿಂಗಳವರೆಗೆ ಇಡೀ ದೇಶದಲ್ಲಿ ಒಂದೂ ಮರಣದಂಡನೆ ಜಾರಿಯಾಗಲಿಲ್ಲ. ಕಚೇರಿ ಮುಚ್ಚಿದ ಆ ಪ್ರಕರಣದಲ್ಲಿ ಟೆಕ್ಸಾಸ್‌ನ ಆ ನ್ಯಾಯಾಲಯದ ಮುಖ್ಯ ನ್ಯಾಯಾಧೀಶೆ ಶರಾನ್ ಕೆಲ್ಲರ್ ಅವರ ಮೇಲೆ ವಿಚಾರಣೆ ನಡೆದು, 2010ರಲ್ಲಿ ಎಚ್ಚರಿಕೆ ಕೊಡಲಾಯಿತು. ಅದೂ ಆಮೇಲೆ ತಾಂತ್ರಿಕ ಕಾರಣಕ್ಕೆ ರದ್ದಾಯಿತು. ಮೈಕೆಲ್ ರಿಚರ್ಡ್ ಹೆಸರನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಎರಡನೆಯ ತಕರಾರು ನಮ್ಮ ಬಳಗದ, ಕಾನೂನು ಓದುತ್ತಿರುವ ಹುಡುಗಿಯೊಬ್ಬಳದು. ‘ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆಯಿಂದಲೇ ಇಷ್ಟೆಲ್ಲ ಆಯಿತಲ್ಲ, ನಮ್ಮಲ್ಲಾದರೆ ಅದು ನಿಲ್ಲುತ್ತಲೇ ಇರಲಿಲ್ಲ’ ಎಂದಳು. ಅವಳ ಮಾತು ಸರಿ. 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಮು, ಪೊಲೀಸ್ ಅಧಿಕಾರಿಯ ಮುಂದೆ ಆರೋಪಿ ಹೇಳಿದ ತಪ್ಪೊಪ್ಪಿಗೆಯನ್ನು ಅವನ ವಿರುದ್ಧ ಬಳಸಬಾರದು ಎನ್ನುತ್ತಿತ್ತು. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಆ ನಿಯಮ ಉಳಿದಿದೆ. ಠಾಣೆಯ ಒಳಗೆ ಏನು ನಡೆಯುತ್ತದೆ ಎಂಬುದು ಬ್ರಿಟಿಷರಿಗೇ ಗೊತ್ತಿತ್ತು. ಅಮೆರಿಕದಲ್ಲಿ ಹಾಗಿಲ್ಲ. ಠಾಣೆಯ ತಪ್ಪೊಪ್ಪಿಗೆ ಅಲ್ಲಿ ಜ್ಯೂರಿಯ ಮುಂದೆ ಬರುತ್ತದೆ, ವಿಡಿಯೊ ಇದ್ದರೆ ಅದನ್ನು ಹಾಕಿ ತೋರಿಸುತ್ತಾರೆ. ವಿಚಾರಣೆ ಮಾಡುವಾಗ ಪೊಲೀಸರು ಆರೋಪಿಗೆ ಸುಳ್ಳು ಹೇಳಬಹುದು ಎಂದು ಅಲ್ಲಿನ ಸುಪ್ರೀಂ ಕೋರ್ಟು 1969ರಲ್ಲೇ ಒಪ್ಪಿದೆ. ಡಾಂಟೆಗೂ ಸುಳ್ಳು ಹೇಳುತ್ತಾರೆ. ನಿನ್ನ ಪಾಲಿಗ್ರಾಫ್, ಅಂದರೆ ಸುಳ್ಳು ಪತ್ತೆ ಹಚ್ಚುವ ಪರೀಕ್ಷೆ, ಫೇಲಾಯಿತು ಎನ್ನುತ್ತಾರೆ.

ಇದರ ಜೊತೆಗೇ ಅನೇಕರು ಕೇಳಿದ್ದು: ಹೊಡೆಯದೆ ಬಡಿಯದೆ, ಮಾಡದ ಕೊಲೆಯನ್ನು ಮಾಡಿದೆ ಎಂದು ಯಾವನಾದರೂ ಒಪ್ಪುತ್ತಾನೆಯೇ? ಒಪ್ಪುತ್ತಾನೆ ಸ್ವಾಮಿ. 1989ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಮಹಿಳೆಯೊಬ್ಬರ ಮೇಲೆ ಅತ್ಯಾಚಾರ, ಹಲ್ಲೆ ಆದಾಗ ಹದಿಹರೆಯದ ಐದು ಹುಡುಗರನ್ನು ಹಿಡಿದರು. ಅವರಲ್ಲಿ ನಾಲ್ವರು ಕ್ಯಾಮೆರಾ ಮುಂದೆ ತಪ್ಪೊಪ್ಪಿಕೊಂಡರು. 2002ರಲ್ಲಿ ಬೇರೊಬ್ಬ ಅಪರಾಧಿ ಮುಂದೆ ಬಂದು ‘ನಾನು’ ಎಂದ, ಡಿಎನ್‌ಎ ಅವನದೇ ಎಂದು ಗೊತ್ತಾಯಿತು, ಐವರ ಶಿಕ್ಷೆಯೂ ರದ್ದಾಯಿತು. ಅಮೆರಿಕದಲ್ಲಿ ಡಿಎನ್‌ಎಯಿಂದ ನಿರಪರಾಧಿಗಳೆಂದು ಸಾಬೀತಾದವರಲ್ಲಿ ಕಾಲು ಭಾಗಕ್ಕೂ ಹೆಚ್ಚು ಪ್ರಕರಣಗಳಲ್ಲಿ ಸುಳ್ಳು ತಪ್ಪೊಪ್ಪಿಗೆಯ ಪಾತ್ರವಿದೆ. ನಿದ್ದೆಗೆಟ್ಟು, ಹೆದರಿ, ‘ಒಪ್ಪಿಕೋ, ಮನೆಗೆ ಹೋಗಬಹುದು’ ಎಂಬ ಆಸೆಗೆ ಬಿದ್ದ ಹುಡುಗನಿಗೆ ನಾಳೆಯ ಗಲ್ಲು ಕಾಣುವುದಿಲ್ಲ, ಆ ಕೋಣೆಯ ಬಾಗಿಲು ಮಾತ್ರ ಕಾಣುತ್ತದೆ. ಕಾದಂಬರಿಯ ಅತ್ಯಂತ ಗಟ್ಟಿಯಾದ ಬರವಣಿಗೆ ಈ ಭಾಗದಲ್ಲಿದೆ.

‘ನಮ್ಮಲ್ಲಾದರೆ’ ಎಂಬ ಸಮಾಧಾನವೂ ಪೂರ್ತಿ ಸಮಾಧಾನವಲ್ಲ. ಠಾಣೆಯ ಮಾತು ಸಾಕ್ಷ್ಯವಾಗದಿದ್ದರೂ ಮ್ಯಾಜಿಸ್ಟ್ರೇಟರ ಮುಂದಿನ ಮಾತು ಸಾಕ್ಷ್ಯವಾಗುತ್ತದೆ. ನಿಠಾರಿ ಪ್ರಕರಣ ನಿಮಗೆ ನೆನಪಿದೆ. 2006ರ ಕೊನೆಯಲ್ಲಿ ನೋಯ್ಡಾದ ಮನೆಯೊಂದರ ಹಿಂದೆ ಮಕ್ಕಳ ಅಸ್ಥಿಗಳು ಸಿಕ್ಕವು. ಮನೆಗೆಲಸದ ಸುರಿಂದರ್ ಕೋಲಿ ಸುಮಾರು 60 ದಿನ ಪೊಲೀಸ್ ವಶದಲ್ಲಿದ್ದ ಮೇಲೆ ಮ್ಯಾಜಿಸ್ಟ್ರೇಟರ ಮುಂದೆ ತಪ್ಪೊಪ್ಪಿಗೆ ಕೊಟ್ಟ. ದೇಶವೇ ಅವನನ್ನು ರಾಕ್ಷಸ ಎಂದಿತು. ಟೀವಿ ನೋಡುತ್ತಿದ್ದ ನಾವೂ ಅಂದೆವು. ಗಲ್ಲು ಖಾಯಂ ಆಯಿತು, ಕ್ಷಮಾದಾನದ ಅರ್ಜಿ ತಿರಸ್ಕಾರವಾಯಿತು. 2014ರ ಸೆಪ್ಟೆಂಬರಿನಲ್ಲಿ ಮೀರತ್ ಜೈಲಿಗೆ ಒಯ್ದಿದ್ದರು. ಬೆಳಗಾದರೆ ನೇಣಿಗೆ ಹಾಕಿಬಿಡಬಹುದು ಎಂಬ ಆತಂಕದಲ್ಲಿ ವಕೀಲರು ನಡುರಾತ್ರಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳ ಬಳಿ ಹೋದರು. ನಮ್ಮ ಚಿಕ್ಕಮಗಳೂರು ಜಿಲ್ಲೆಯವರಾದ ನ್ಯಾಯಮೂರ್ತಿ ಎಚ್. ಎಲ್. ದತ್ತು ಅವರ ಪೀಠ ಆ ಅವೇಳೆಯಲ್ಲೇ ತಡೆ ಕೊಟ್ಟಿತು. ಮರುವರ್ಷ ಕ್ಷಮಾದಾನದ ವಿಳಂಬದ ಕಾರಣಕ್ಕೆ ಗಲ್ಲು ಜೀವಾವಧಿಯಾಯಿತು. 2023ರಲ್ಲಿ ಅಲಹಾಬಾದ್ ಹೈಕೋರ್ಟು ಅವನನ್ನು ಹನ್ನೆರಡು ಪ್ರಕರಣಗಳಲ್ಲಿ ಖುಲಾಸೆ ಮಾಡಿತು. ಆ ತಪ್ಪೊಪ್ಪಿಗೆಯನ್ನು ನಂಬಲಾಗದು ಎಂದಿತು. 2025ರ ನವೆಂಬರಿನಲ್ಲಿ ಉಳಿದಿದ್ದ ಕೊನೆಯ ಪ್ರಕರಣದಲ್ಲೂ ಸುಪ್ರೀಂ ಕೋರ್ಟು ಅವನನ್ನು ಬಿಡುಗಡೆ ಮಾಡಿತು. ಯಾವ ಪ್ರಕರಣದಲ್ಲಿ ಗಲ್ಲಾಗಬೇಕಿತ್ತೋ ಅದೇ ಪ್ರಕರಣ. ಆ ರಾತ್ರಿ ಕದ ತೆರೆಯದೆ ಹೋಗಿದ್ದರೆ? ನಿಠಾರಿಯ ಮಕ್ಕಳ ತಂದೆತಾಯಂದಿರಿಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ ಎಂಬುದನ್ನೂ ಇದೇ ಉಸಿರಿನಲ್ಲಿ ಹೇಳಬೇಕು.

ಆ ಮಾತು ನನ್ನನ್ನು ಮೂರನೆಯ ತಕರಾರಿಗೆ ತರುತ್ತದೆ. ಲೇಖಕರು ಭಾಷಣ ಮಾಡುತ್ತಾರೆ, ಎದುರು ಪಕ್ಷದವರನ್ನೆಲ್ಲ ಖಳನಾಯಕರನ್ನಾಗಿ ಮಾಡಿದ್ದಾರೆ ಎಂದು ಬಹಳ ಜನ ಹೇಳಿದರು. ಅರ್ಧ ಒಪ್ಪುತ್ತೇನೆ. ನ್ಯಾಯಾಧೀಶೆಗೂ ಪ್ರಾಸಿಕ್ಯೂಟರ್‌ಗೂ ಗುಟ್ಟಿನ ಸಂಬಂಧವಿತ್ತು ಎಂಬುದನ್ನು ಅತಿರೇಕ ಎಂದವರಿಗೆ, ಟೆಕ್ಸಾಸ್‌ನ ಚಾರ್ಲ್ಸ್ ಡೀನ್ ಹುಡ್ ಪ್ರಕರಣದಲ್ಲಿ ಅದೇ ಆಗಿತ್ತು, 2008ರಲ್ಲಿ ಇಬ್ಬರೂ ಪ್ರಮಾಣ ಮಾಡಿ ಒಪ್ಪಿಕೊಂಡರು ಎಂದಷ್ಟೇ ಹೇಳುತ್ತೇನೆ. ಗವರ್ನರ್ ಕಲ್ಲೆದೆಯವನು ಎಂದವರಿಗೆ ಕ್ಯಾಮರೂನ್ ಟಾಡ್ ವಿಲಿಂಗ್‌ಹ್ಯಾಮ್ ಕಥೆ ಹೇಳಬೇಕು. 1991ರ ಡಿಸೆಂಬರಿನಲ್ಲಿ ಕೋರ್ಸಿಕಾನ ಎಂಬ ಊರಿನ ಅವನ ಮನೆಗೆ ಬೆಂಕಿ ಬಿದ್ದು ಮೂರು ಪುಟ್ಟ ಹೆಣ್ಣುಮಕ್ಕಳು ಸತ್ತರು. ತಂದೆಯೇ ಬೆಂಕಿ ಇಟ್ಟ ಎಂದು ತನಿಖೆಯವರು ಹೇಳಿದರು. ಕಿಟಕಿಯ ಗಾಜು ಜೇಡರಬಲೆಯ ಹಾಗೆ ಬಿರುಕುಬಿಟ್ಟಿತ್ತು, ಅದು ಎಣ್ಣೆ ಸುರಿದು ಹಚ್ಚಿದ ಬೆಂಕಿಯ ಗುರುತು ಎಂದರು. ಕಾದ ಗಾಜಿನ ಮೇಲೆ ಬೆಂಕಿ ಆರಿಸುವ ನೀರು ಬಿದ್ದರೂ ಅಂಥದೇ ಬಿರುಕು ಬರುತ್ತದೆ. ಬೆಂಕಿಯ ವಿಜ್ಞಾನ ಬಲ್ಲ ಜೆರಾಲ್ಡ್ ಹರ್ಸ್ಟ್ ಈ ಸಾಕ್ಷ್ಯವೆಲ್ಲ ಟೊಳ್ಳು ಎಂದು ಬರೆದ ವರದಿ, ಶಿಕ್ಷೆಗೆ ಮೊದಲೇ ಗವರ್ನರ್ ಕಚೇರಿಗೂ ಕ್ಷಮಾದಾನ ಮಂಡಳಿಗೂ ತಲುಪಿತ್ತು. 2004ರ ಫೆಬ್ರವರಿ 17ರಂದು ಅವನನ್ನು ಸಾಯಿಸಿದರು. ಟೆಕ್ಸಾಸ್‌ನ ಗವರ್ನರ್ ತಾನಾಗಿ ಕೊಡಬಹುದಾದದ್ದು 30 ದಿನದ ತಡೆ ಮಾತ್ರ. ಅದನ್ನೂ ಕೊಡಲಿಲ್ಲ.

ಆದರೆ ನಿಕೋಲಳ ತಾಯಿ ರೀವಾ ವಿಷಯದಲ್ಲಿ ಓದುಗರ ದೂರು ನೂರಕ್ಕೆ ನೂರು ಸರಿ. ಟೀವಿಯವರ ಮುಂದೆ ಅಳುವ, ಪ್ರಚಾರಕ್ಕೆ ಹಾತೊರೆಯುವ ಹೆಂಗಸಾಗಿ ಅವಳನ್ನು ಚಿತ್ರಿಸಿದ್ದಾರೆ. ನಮ್ಮ ಬಳಗದ ತಾಯಿಯೊಬ್ಬರು ‘ಮಗಳನ್ನು ಕಳಕೊಂಡವಳನ್ನು ಹೀಗಾ ಬರೆಯೋದು?’ ಎಂದು ನೊಂದುಕೊಂಡರು. ಡಾಂಟೆಯ ತಾಯಿ ರಾಬರ್ಟಾ ಮಗನ ಶವವನ್ನು ತನ್ನ ಕೈಯಾರೆ ತೊಳೆಯುವ ಪುಟಗಳಲ್ಲಿ ಗ್ರಿಶಮ್ ತೋರಿದ ಅಂತಃಕರಣ ರೀವಾಳಿಗೂ ಸಲ್ಲಬೇಕಿತ್ತು. ಅವಳಿಗೂ ಮೋಸವೇ ಆಗಿದೆ. ಒಂಬತ್ತು ವರ್ಷ ‘ಇವನೇ ಕೊಂದವನು, ಇವನು ಸತ್ತರೆ ನಿನಗೆ ನೆಮ್ಮದಿ’ ಎಂದು ಸರ್ಕಾರ ಅವಳ ಕೈಗೆ ತಪ್ಪು ಹೆಸರು ಕೊಟ್ಟಿತ್ತು. ನಿಜವಾದ ಕೊಲೆಗಾರ ಬೇರೆಯೇ ಇದ್ದ. ಈ ದಾರಿಯಲ್ಲಿ ಬರೆದಿದ್ದರೆ ಕಾದಂಬರಿಯ ವಾದಕ್ಕೇ ಬಲ ಬರುತ್ತಿತ್ತು.

ಪಾದ್ರಿ ಕೀತ್ ಮಾತ್ರ ಎಲ್ಲರಿಗೂ ಇಷ್ಟವಾದರು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಕೊನೆಯದು ಎಲ್ಲಕ್ಕಿಂತ ಕಷ್ಟದ ತಕರಾರು. ಮಿತಭಾಷಿಯಾದ ಓದುಗರೊಬ್ಬರು ಒಂದೇ ವಾಕ್ಯ ಕೇಳಿದರು: ‘ಡಾಂಟೆ ನಿಜವಾಗಿಯೂ ಕೊಂದಿದ್ದರೆ ಈ ಪುಸ್ತಕಕ್ಕೆ ಹೇಳಲು ಏನಿತ್ತು?’

ಪ್ರಶ್ನೆ ನ್ಯಾಯವಾದದ್ದು. ನಿರಪರಾಧಿಯ ಕಥೆ ಹೇಳಿ ನಮ್ಮನ್ನು ಅಳಿಸುವುದು ಸುಲಭ. ಅಮೆರಿಕದಲ್ಲಿ 1973ರಿಂದ ಮರಣದಂಡನೆಗೆ ಗುರಿಯಾಗಿ ಆಮೇಲೆ ದೋಷಮುಕ್ತರಾದವರು 190ಕ್ಕೂ ಹೆಚ್ಚು. ಆ ಲೆಕ್ಕ ಸಾಕು, ತಪ್ಪಾಗುತ್ತದೆ ಎಂದು ತೋರಿಸಲು. ತಪ್ಪೇ ಆಗದ ಪ್ರಕರಣದಲ್ಲಿ ಏನು ಎಂಬುದಕ್ಕೆ ಆ ಲೆಕ್ಕದಲ್ಲಿ ಉತ್ತರವಿಲ್ಲ. ಮೈಕೆಲ್ ರಿಚರ್ಡ್ ಹೆಸರು ನೆನಪಿಡಿ ಎಂದೆನಲ್ಲ. ಆ ಸಂಜೆ ಅವನ ವಕೀಲರು ‘ಇವನು ನಿರಪರಾಧಿ’ ಎಂದು ಬಾಗಿಲು ತಟ್ಟಿರಲಿಲ್ಲ. 1986ರಲ್ಲಿ ನಡೆದ ಅತ್ಯಾಚಾರ, ಕೊಲೆಯ ಅಪರಾಧಿ ಅವನು. ಆದರೂ ಆ ಬಾಗಿಲು ಮುಚ್ಚಿದ್ದನ್ನು ಓದಿದಾಗ ನನಗೆ ಡಾಂಟೆಯ ಸಾವಿನಷ್ಟೇ ಸಂಕಟವಾಯಿತು. ಗಡಿಯಾರ ನೋಡಿ ಒಬ್ಬನ ಪ್ರಾಣದ ಲೆಕ್ಕ ಚುಕ್ತಾ ಮಾಡುವ ಅಧಿಕಾರ ಯಾವ ಕಚೇರಿಗೂ ಇರಬಾರದು, ಎದುರಿಗಿರುವವನು ಎಂಥವನೇ ಆಗಿರಲಿ. ಇದು ನನ್ನ ನಿಲುವು. ಆ ಓದುಗರು ಒಪ್ಪಲಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಅವರ ಪ್ರಶ್ನೆಗೆ ಗ್ರಿಶಮ್ ಹದಿನಾರು ವರ್ಷ ಮೊದಲೇ ಇನ್ನೊಂದು ಕಾದಂಬರಿ ಬರೆದಿದ್ದರು: 1994ರ ‘ದಿ ಚೇಂಬರ್’. ಅದರಲ್ಲಿ ಮಿಸಿಸಿಪ್ಪಿಯ ಪಾರ್ಚ್‌ಮನ್ ಜೈಲಿನ ಗ್ಯಾಸ್ ಕೋಣೆಗೆ ಕಾಯುತ್ತಿರುವವನು ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ಜನಾಂಗದ್ವೇಷಿ ಗುಂಪು ಸೇರಿದ್ದ ಮುದುಕ. ಬಾಂಬಿಟ್ಟವರ ಜೊತೆಗಿದ್ದವನು, ಎರಡು ಮಕ್ಕಳ ಸಾವಿನ ಪಾಪ ಹೊತ್ತವನು. ಅವನನ್ನು ಉಳಿಸಲು ಮೊಮ್ಮಗನೇ ವಕೀಲನಾಗಿ ಬರುತ್ತಾನೆ. ಪ್ರೀತಿಸಲು ಏನೂ ಇಲ್ಲದ ಮನುಷ್ಯನ ಪಕ್ಕ ನಮ್ಮನ್ನು ಪುಟಗಟ್ಟಲೆ ಕೂರಿಸುತ್ತದೆ ಆ ಪುಸ್ತಕ. ಮುಂದಿನ ಸಲ ಅದನ್ನು ಓದಿಕೊಂಡು ಬರೋಣ ಎಂದು ನನ್ನ ಸೂಚನೆ. ಪುಸ್ತಕ ದಪ್ಪಗಿದೆ, ಈಗಲೇ ಶುರುಮಾಡಿ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳುತ್ತೇನೆ. ಮೊದಲು ಮೇಷ್ಟ್ರು ಮಾತಾಡಲಿ.