ಗಂಧಕ ಮನೆ ಬಿಡಬಾರದು

ಕೇಳುಗರೇ, ನಮಸ್ಕಾರ. ದಾವಣಗೆರೆ, ಚಿತ್ರದುರ್ಗದ ಕಾಲೇಜು ಪ್ರಯೋಗಾಲಯಗಳಲ್ಲಿ ಕಾಯಿನ್ ಸೆಲ್, ಅಂದರೆ ನಾಣ್ಯದಂಥ ಪುಟ್ಟ ಬ್ಯಾಟರಿ, ಕಟ್ಟುವ ಮಕ್ಕಳಿಗೆ ಇವತ್ತಿನ ಮಾತು. ಬ್ಯಾಟರಿ ಲಿಥಿಯಂ-ಗಂಧಕದ್ದು. ಮೆಣಸಿನ ಗಿಡದ ಬೂದಿ ರೋಗಕ್ಕೆ ಅಪ್ಪ ಹೊಡೀತಾರಲ್ಲ, ಅದೇ ಗಂಧಕ. ಅಗ್ಗದ್ದು, ಆದರೂ ಲೆಕ್ಕದ ಪ್ರಕಾರ ಗ್ರಾಂಗೆ 1675 ಮಿಲಿಆಂಪಿಯರ್-ಗಂಟೆ ಕೊಡಬಲ್ಲದು.

ಕೊಡೋದಿಲ್ಲ ಯಾಕೆ? ಕರೆಂಟ್ ಕೊಡುತ್ತಾ ಗಂಧಕ ಲಿಥಿಯಂ ಜತೆ ಸೇರಿ ಮೊದಲು ಪಾಲಿಸಲ್ಫೈಡ್ ಎಂಬ ಸಂಯುಕ್ತ ಆಗುತ್ತೆ. ಅದು ಸೆಲ್ಲಿನೊಳಗಿನ ದ್ರಾವಣದಲ್ಲಿ ಕರಗಿ, ನಡುವಿನ ಪರದೆ ದಾಟಿ, ಎದುರು ಬದಿಯ ಲಿಥಿಯಂ ತಗಡನ್ನು ತಿಂದು ವಾಪಸ್ ಬರುತ್ತೆ. ಚಾರ್ಜರ್ ಓಡ್ತಾನೇ ಇರುತ್ತೆ, ಸೆಲ್ ತುಂಬಲ್ಲ. ಅದಕ್ಕೇ ಹೇಳೋದು: ಗಂಧಕ ಮನೆ ಬಿಡಬಾರದು.

ಮನೆ ಅಂದರೆ ರಂಧ್ರಗಳಿರುವ ಇಂಗಾಲ. ಮಂಡಕ್ಕಿ ಉಂಡೆ ಕಟ್ಟೋದು ನೋಡಿದ್ದೀರಿ. ಪಾಕ ಹದ ಮೀರಿದರೆ ಮಂಡಕ್ಕಿಗೆ ಹತ್ತೋದಿಲ್ಲ, ಗಂಟು ಕಟ್ಟುತ್ತೆ. ಗಂಧಕವೂ ಹಾಗೇ. ಸುಮಾರು 115 ಡಿಗ್ರಿಗೆ ಕರಗುತ್ತೆ, 155ರಲ್ಲಿ ನೀರಾಗಿ ತೆಳ್ಳಗಿರುತ್ತೆ; 160 ದಾಟಿತೋ, ಉಂಗುರದಂಥ ಅಣುಗಳು ಬಿಚ್ಚಿ ಉದ್ದನೆ ಸರಪಳಿಯಾಗಿ ಅಂಟು ಪಾಕವಾಗುತ್ತೆ. ಆ ಪಾಕ ರಂಧ್ರಕ್ಕೆ ಇಳಿಯಲ್ಲ. 2009ರಲ್ಲಿ ಕೆನಡಾದ ಲಿಂಡಾ ನಜಾರ್ ಅವರ ತಂಡ ನ್ಯಾನೋ ರಂಧ್ರದ ಇಂಗಾಲಕ್ಕೆ ಗಂಧಕ ಇಳಿಸಿದ್ದೂ 155ರಲ್ಲೇ. ಓವನ್ನಿನ ಮುಳ್ಳನ್ನು ನಂಬಬೇಡಿ, ಒಳಗೊಂದು ಥರ್ಮೋಕಪಲ್, ಅಂದರೆ ಬಿಸಿ ಅಳೆಯುವ ತಂತಿ, ಇಡಿ.

ತೂಕದಲ್ಲಿ ಗಂಧಕ 7, ಇಂಗಾಲ 3. ಖಲ್ವದಲ್ಲಿ ಅರೆದು, ಆರ್ಗಾನ್ ತುಂಬಿದ ಪಾತ್ರೆಯಲ್ಲಿ ಬಿಗಿಯಾಗಿ ಮುಚ್ಚಿ 155ರಲ್ಲಿ 12 ಗಂಟೆ ಇಡಿ. ಆದರೆ ಪೂರ್ತಿ ಲಿಥಿಯಂ ಕುಡಿದ ಗಂಧಕ ಶೇಕಡಾ 80ರಷ್ಟು ಉಬ್ಬುತ್ತೆ. ಗ್ರಾಂ ಇಂಗಾಲದಲ್ಲಿ 2 ಘನ ಸೆಂಟಿಮೀಟರ್ ಪೊಳ್ಳಿದ್ದರೆ ಮಾತ್ರ 7:3 ಹಿಡಿಯುತ್ತೆ. 1.3 ಮಾತ್ರ ಇದ್ದರೆ 6:4ಕ್ಕೆ ನಿಲ್ಲಿಸಿ. ದುರಾಸೆಗೆ ತುರುಕಿದರೆ ಮನೆಯೇ ಒಡೆಯುತ್ತೆ.

ಪಾಕದಲ್ಲೇ ಹೊತ್ತು ಹೋಯಿತು, ಉಳಿದದ್ದು ಬೇಗ ಹೇಳ್ತೀನಿ. ಈ ಗಂಧಕ-ಇಂಗಾಲ ಲೇಪಿಸಿದ ಹಾಳೆಯನ್ನು ನಿರ್ವಾತದಲ್ಲಿ ಒಣಗಿಸುವಾಗ 60 ಡಿಗ್ರಿ ದಾಟಬೇಡಿ. ಬೇರೆ ಬ್ಯಾಟರಿಯ ಅಭ್ಯಾಸದಲ್ಲಿ 120 ಇಟ್ಟರೆ ಗಂಧಕ ಆವಿಯಾಗಿ, ಸೆಲ್ ಕಟ್ಟೋ ಮೊದಲೇ ಮನೆ ಬಿಟ್ಟಿರುತ್ತೆ. ದ್ರಾವಣಕ್ಕೆ ಶೇಕಡಾ 2 ಲಿಥಿಯಂ ನೈಟ್ರೇಟ್ ಸೇರಿಸಿ. ತಗಡಿನ ಮೇಲೆ ಪೊರೆ ಕಟ್ಟಿ ಕಾಯುತ್ತೆ. ಹಾಗಂತ ಕರೆಂಟ್ ತೆಗೆಯುವಾಗ ಸೆಲ್ಲನ್ನು 1.8 ವೋಲ್ಟ್‌ಗಿಂತ ಕೆಳಗೆ ಇಳಿಸಬೇಡಿ, ಗಂಧಕದ ಕಡೆಯಲ್ಲಿ ನೈಟ್ರೇಟೇ ಕೆಡುತ್ತೆ.

ಕೊನೇದು, ದ್ರಾವಣದ ಅಳತೆ. ಮಿಲಿಗ್ರಾಂ ಗಂಧಕಕ್ಕೆ 20 ಮೈಕ್ರೋಲೀಟರ್ ಸುರಿದು ಚೆಂದದ ಗ್ರಾಫ್ ತರುತ್ತಾರೆ. ಆ ಸೆಲ್ಲಿನ ತೂಕವೆಲ್ಲ ದ್ರಾವಣದ್ದೇ ಕಣ್ರಪ್ಪ! 5ಕ್ಕೆ ಇಳಿಸಿ, ಆಮೇಲೆ ಗ್ರಾಫ್ ತೋರಿಸಿ. ನಮಸ್ಕಾರ.