ಸುರುಳಿ ಬಿಡಿಸಿದ ಕೈ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ದೊಡ್ಡಪ್ಪನ ಸಹಿ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಾ ಬಂತು. ಮೊದಲೆಲ್ಲ ಹಾಳೆಯ ಅರ್ಧ ಅಗಲಕ್ಕೆ ಹರಡಿಕೊಳ್ಳುತ್ತಿದ್ದ ಹೆಸರು ಕೊನೆಗೆ ಇರುವೆ ಸಾಲಿನಂತೆ ಕುಗ್ಗಿತು. ಸಹಿ ಹೊಂದುತ್ತಿಲ್ಲ ಎಂದು ಬ್ಯಾಂಕಿನಿಂದ ಚೆಕ್ ವಾಪಸು ಬಂತು. ಆಮೇಲೆ ಬಲಗೈ ನಡುಗತೊಡಗಿತು. ಚೆಲ್ಲಬಾರದು ಅಂತ ದೊಡ್ಡಮ್ಮ ಅರ್ಧ ಲೋಟ ಕಾಫಿ ಮಾತ್ರ ಕೊಡುತ್ತಿದ್ದರು. ವಯಸ್ಸಾಯಿತಲ್ಲ ಅಂತ ನಾವೂ ಸುಮ್ಮನಿದ್ದೆವು.

ಅದು ಪಾರ್ಕಿನ್ಸನ್ ಕಾಯಿಲೆ. ಹಿರಿಯರು ಕಂಪವಾತ ಅನ್ನುತ್ತಿದ್ದರು, ನಸುಗುನ್ನಿ ಬೀಜದ ಪುಡಿ ಕೊಡುತ್ತಿದ್ದರು. ಆ ಬೀಜದಲ್ಲಿ ಲೆವೊಡೋಪಾ ಇದೆ, ಇವತ್ತು ಡಾಕ್ಟರು ಬರೆದುಕೊಡುವ ಮಾತ್ರೆಯಲ್ಲಿರುವುದೂ ಅದೇ. ಮಿದುಳಿನಲ್ಲಿ ಡೋಪಮಿನ್ ಅನ್ನುವ, ಮೈಯ ಚಲನೆಗೆ ಬೇಕಾದ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ಸಾಯುತ್ತಾ ಹೋಗುತ್ತವೆ, ಆ ಕೊರತೆಯನ್ನು ಮಾತ್ರೆ ತುಂಬಿಕೊಡುತ್ತದೆ. ಕೆಲವು ವರ್ಷ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆಮೇಲೆ ಮಾತ್ರೆಯ ಶಕ್ತಿ ಬೇಗ ಇಳಿಯುತ್ತದೆ. ಜಾಸ್ತಿ ಕೊಟ್ಟರೆ ಮೈ ತನ್ನಷ್ಟಕ್ಕೇ ತೊನೆದಾಡುತ್ತದೆ. ಆಗ ಏನು ಮಾಡುವುದು?

ಇದಕ್ಕೊಂದು ಉತ್ತರ ಸಿಕ್ಕಿದ್ದು ಫ್ರಾನ್ಸ್ ದೇಶದ ಗ್ರೆನೋಬಲ್‌ನಲ್ಲಿ. ಆಲ್ಪ್ಸ್ ಬೆಟ್ಟಗಳ ಬುಡದ ಊರು ಅದು. ಅಲ್ಲಿನ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಅಲೀಂ ಲೂಯಿ ಬೆನಾಬಿದ್ ಮಿದುಳಿನ ಶಸ್ತ್ರಚಿಕಿತ್ಸಕರಾಗಿದ್ದರು. ಭೌತಶಾಸ್ತ್ರದಲ್ಲೂ ಡಾಕ್ಟರೇಟ್ ಪಡೆದವರು. ನನಗೆ ಇದು ಮುಖ್ಯ ಅನಿಸುತ್ತದೆ, ಯಾಕೆ ಅಂತ ಹೇಳುತ್ತೇನೆ.

ಆ ಕಾಲದಲ್ಲಿ ನಡುಕಕ್ಕೆ ಒಂದು ಆಪರೇಷನ್ ಇತ್ತು. ಮಿದುಳಿನ ಆಳದಲ್ಲಿ ಥಲಾಮಸ್ ಅನ್ನುವ ಭಾಗವಿದೆ. ಅದರೊಳಗಿನ ಒಂದು ಪುಟ್ಟ ಜಾಗವನ್ನು ಸುಡುತ್ತಿದ್ದರು. ಸುಡುವ ಮೊದಲು, ಸರಿಯಾದ ಜಾಗ ಇದೇನಾ ಅಂತ ನೋಡಲು ತೆಳ್ಳನೆಯ ತಂತಿ ಇಳಿಸಿ ಸ್ವಲ್ಪ ಕರೆಂಟು ಕೊಡುತ್ತಿದ್ದರು. ರೋಗಿ ಎಚ್ಚರವಾಗಿಯೇ ಇರುತ್ತಿದ್ದರು. ಮಿದುಳಿಗೆ ನೋವು ಗೊತ್ತಾಗುವುದಿಲ್ಲ. ನೋಯುವುದು ತಲೆಯ ಚರ್ಮ, ಅಲ್ಲಿಗೆ ಮರಗಟ್ಟಿಸುವ ಇಂಜೆಕ್ಷನ್ ಸಾಕು.

ಎಲ್ಲರೂ ಈ ಪರೀಕ್ಷೆ ಮುಗಿಸಿ ಸುಡುವ ಕೆಲಸಕ್ಕೆ ಹೋಗುತ್ತಿದ್ದರು. ಬೆನಾಬಿದ್ ಅಲ್ಲೇ ನಿಂತರು. ಭೌತಶಾಸ್ತ್ರ ಓದಿದವರಲ್ಲವೇ, ಕರೆಂಟಿನ ಮಿಡಿತವನ್ನು ಹೆಚ್ಚಿಸುತ್ತಾ ಹೋದರು. ಮಿಡಿತ ನಿಧಾನವಿದ್ದಾಗ ನಡುಕ ನಿಲ್ಲುತ್ತಿರಲಿಲ್ಲ, ಕೆಲವೊಮ್ಮೆ ಜಾಸ್ತಿಯೂ ಆಗುತ್ತಿತ್ತು. ಸೆಕೆಂಡಿಗೆ 100ರ ಹತ್ತಿರ ಹೋದಾಗ ಕೈ ನಿಂತೇ ಹೋಯಿತು. ಕರೆಂಟು ತೆಗೆದರೆ ಮತ್ತೆ ನಡುಕ, ಕೊಟ್ಟರೆ ಮತ್ತೆ ಶಾಂತ. ಸುಟ್ಟ ಜಾಗವನ್ನು ಮತ್ತೆ ತರಲಾಗುವುದಿಲ್ಲ, ಅಲ್ವಾ? ಇಲ್ಲಿ ಸ್ವಿಚ್ ಆರಿಸಿದರೆ ಎಲ್ಲ ಮೊದಲಿನಂತೆ.

ಹೀಗೆ ಹಿಂದಕ್ಕೆ ಬರುವ ದಾರಿ ಇರುವುದರ ಬೆಲೆ ಬೆನಾಬಿದ್ ಅವರಿಗೆ ಚೆನ್ನಾಗಿ ಗೊತ್ತಿತ್ತು. ಮಿದುಳಿನ ಎರಡೂ ಕಡೆ ಸುಟ್ಟರೆ ಎಷ್ಟೋ ರೋಗಿಗಳ ಮಾತೇ ತೊದಲುತ್ತಿತ್ತು. ಅದಕ್ಕೇ 1987ರಲ್ಲಿ ಅವರು ಮತ್ತು ನರರೋಗ ತಜ್ಞ ಪಿಯರ್ ಪೊಲಾಕ್ ಒಂದು ದಾರಿ ಹಿಡಿದರು. ಒಂದು ಕಡೆ ಸುಟ್ಟು, ಇನ್ನೊಂದು ಕಡೆ ತಂತಿಯನ್ನೇ ಉಳಿಸಿ ಕರೆಂಟು ಕೊಟ್ಟರು.

ಅಮೆರಿಕದಲ್ಲಿ ಮಾಲನ್ ಡಿಲಾಂಗ್ ಮತ್ತು ಅವರ ಸಂಗಡಿಗರು 1990ರಲ್ಲಿ ಕೋತಿಗಳ ಮೇಲಿನ ಪ್ರಯೋಗದಿಂದ ಮಿದುಳಿನ ಇನ್ನೊಂದು ಜಾಗವನ್ನು ತೋರಿಸಿದರು. ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಅಂತ ಅದರ ಹೆಸರು. 1993ರಲ್ಲಿ ಗ್ರೆನೋಬಲ್‌ನವರು ಅಲ್ಲಿಗೆ ತಂತಿ ಇಳಿಸಿದರು. ಆಗ ನಡುಕದ ಜೊತೆಗೆ ಮೈ ಬಿಗಿತ, ನಿಧಾನಗತಿ ಕೂಡ ಇಳಿದವು. 2014ರಲ್ಲಿ ಬೆನಾಬಿದ್ ಮತ್ತು ಡಿಲಾಂಗ್ ಇಬ್ಬರಿಗೂ ವೈದ್ಯಕೀಯ ಸಂಶೋಧನೆಗೆ ಕೊಡುವ ಲ್ಯಾಸ್ಕರ್ ಪ್ರಶಸ್ತಿ ಬಂತು. ಒಬ್ಬರದು ಪ್ರಯೋಗಶಾಲೆ, ಇನ್ನೊಬ್ಬರದು ಆಪರೇಷನ್ ಥಿಯೇಟರ್.

ನಮ್ಮ ಬೆಂಗಳೂರಿನಲ್ಲೂ ಇಂಥ ಹುಡುಕಾಟ ಇತ್ತು. ನಿಮ್ಹಾನ್ಸ್‌ನ ಮೊದಲ ನಿರ್ದೇಶಕ ಡಾ. ಆರ್. ಎಂ. ವರ್ಮ ಅವರು ಪಾರ್ಕಿನ್ಸನ್ ರೋಗಿಗಳಿಗೆ ಬುರುಡೆ ಕೊರೆಯದೆ ಚಿಕಿತ್ಸೆ ಮಾಡುವ ದಾರಿ ಹುಡುಕಿದ್ದರು. ಬುರುಡೆಯ ತಳದಲ್ಲಿ ಎಲ್ಲರಿಗೂ ಹುಟ್ಟಿನಿಂದಲೇ ಒಂದು ಕಿಂಡಿ ಇರುತ್ತದೆ. ಕೆನ್ನೆಯ ಕಡೆಯಿಂದ ಆ ಕಿಂಡಿಯ ಮೂಲಕ ಸೂಜಿಯನ್ನು ಥಲಾಮಸ್‌ವರೆಗೆ ಒಯ್ಯುತ್ತಿದ್ದರು. ದೊಡ್ಡ ದೊಡ್ಡ ಯಂತ್ರಗಳಿಲ್ಲದ ದಿನಗಳವು. ನೆನೆದರೆ ಇವತ್ತಿಗೂ ಕೈಮುಗಿಯಬೇಕು ಅನಿಸುತ್ತದೆ.

ದೊಡ್ಡಪ್ಪನಿಗೂ ಗ್ರೆನೋಬಲ್‌ನವರು ತೋರಿಸಿದ ಆ ತಂತಿ ಇಳಿಸುವ ಆಪರೇಷನ್ ಆಯಿತು. ಅದಕ್ಕೆ ಮೊದಲು ಡಾಕ್ಟರು ಒಂದು ಬೆಳಗ್ಗೆ ಮಾತ್ರೆ ಕೊಡದೆ ನಡೆಸಿ ನೋಡಿದರು, ಆಮೇಲೆ ಕೊಟ್ಟು ನೋಡಿದರು. ಮಾತ್ರೆಗೆ ಚೆನ್ನಾಗಿ ಒಗ್ಗುವವರಿಗೇ ಇದು ಹೆಚ್ಚು ಫಲ ಕೊಡುವುದು. ರಕ್ತಸ್ರಾವ ಆಗಬಹುದು, ಸೋಂಕು ತಗಲಬಹುದು, ಕಾಯಿಲೆಯಂತೂ ಹೋಗುವುದಿಲ್ಲ ಅಂತ ಬಿಡಿಸಿ ಹೇಳಿದರು. ಹೀಗೆ ಹೇಳುವ ಡಾಕ್ಟರ ಮೇಲೆ ನನಗೆ ನಂಬಿಕೆ ಜಾಸ್ತಿ.

ಟೇಬಲ್ ಮೇಲೆ ಮಲಗಿದ್ದಾಗಲೇ ಕೈಗೆ ಪೆನ್ನು ಕೊಟ್ಟು, "ಯಜಮಾನ್ರೇ, ಒಂದು ಸುರುಳಿ ಬರೀರಿ" ಅಂದರಂತೆ. ಮೊದಲನೆಯದು ಮುಳ್ಳುತಂತಿಯ ಹಾಗೆ ಬಂತು. ಕರೆಂಟು ಕೊಟ್ಟು ಮತ್ತೆ ಬರೆಸಿದರು. ಎರಡನೆಯದು ಬಸವನಹುಳುವಿನ ಚಿಪ್ಪಿನಷ್ಟು ನುಣುಪು.

ಈಗ ಎದೆಯ ಮೇಲ್ಭಾಗದಲ್ಲಿ, ಚರ್ಮದ ಕೆಳಗೆ, ಆ ತಂತಿಗೆ ಕರೆಂಟು ಕೊಡುವ ಬ್ಯಾಟರಿ ಇದೆ. ಒಮ್ಮೆ ಬದಲಾಯಿಸಿದ್ದೂ ಆಗಿದೆ. ಧ್ವನಿ ಸಣ್ಣಗಾಗಿದೆ, ಅದು ಸರಿಹೋಗಲಿಲ್ಲ. ತಿರುಗುವಾಗ ಗೋಡೆ ಹಿಡಿಯುತ್ತಾರೆ. ಆ ಎರಡು ಸುರುಳಿಗಳ ಹಾಳೆಯನ್ನು ಬ್ಯಾಂಕಿನ ಪಾಸ್‌ಬುಕ್ ಒಳಗೆ ಮಡಚಿ ಇಟ್ಟುಕೊಂಡಿದ್ದಾರೆ. ಹೋದ ಯುಗಾದಿಗೆ ನಾನು ಹೋದಾಗ ಅದನ್ನು ತೆಗೆದು ತೋರಿಸಿದರು. ಅಷ್ಟರಲ್ಲಿ ದೊಡ್ಡಮ್ಮ ಕಾಫಿ ತಂದರು. ಲೋಟ ತುಂಬಾ ಇತ್ತು.

ನಮಸ್ಕಾರ.