ಕತ್ತೆ ಕತೆಯಾಗದಂತೆ: ಪರದೆಗೂ ಓದುಗರಿಗೂ ಹೊಂದಿಕೊಳ್ಳುವ ಇಂಟರ್‌ಫೇಸ್

[ತೆರೆಯ ಮೇಲೆ: ಒಂದು ಮೊಬೈಲ್ ಫೋನ್. ಕೆಳಭಾಗದ ಬಟನ್ ಮೇಲೆ ‘ರದುಗೊಳಿಸಿ’ ಎಂದು ಕಾಣುತ್ತಿದೆ.]

ನಮಸ್ಕಾರ. ಈ ಬಟನ್ ಮೇಲಿನ ಪದವನ್ನು ಒಮ್ಮೆ ನಿಧಾನವಾಗಿ ಓದಿ. ‘ರದುಗೊಳಿಸಿ’ ಎಂದು ಕಾಣುತ್ತಿದ್ದರೂ ಇದು ಕಾಗುಣಿತದ ತಪ್ಪಲ್ಲ. ಕೋಡ್‌ನಲ್ಲಿ ‘ರದ್ದುಗೊಳಿಸಿ’ ಎಂದೇ ಬರೆದಿದೆ. ದಕಾರದ ಅಡಿಯಲ್ಲಿರಬೇಕಾದ ಒತ್ತಕ್ಷರವನ್ನು ಬಟನ್‌ನ ಕೆಳ ಅಂಚು ಕತ್ತರಿಸಿಹಾಕಿದೆ. ಬಿಲ್ ಕಟ್ಟುವ ಒಂದು ಆ್ಯಪ್‌ನಲ್ಲಿ ನಾನು ಇದನ್ನು ಕಂಡದ್ದು, ಕಣ್ಣಿನ ತೊಂದರೆಯಿಂದಾಗಿ ಅಕ್ಷರದ ಗಾತ್ರವನ್ನು ಹೆಚ್ಚಿಸಿಟ್ಟುಕೊಂಡಿದ್ದ ಹಿರಿಯ ಸಂಬಂಧಿಕರೊಬ್ಬರ ಫೋನಿನಲ್ಲಿ. ಅದೇ ಆ್ಯಪ್ ನನ್ನ ಫೋನಿನಲ್ಲಿ ಚೆನ್ನಾಗಿಯೇ ಇತ್ತು.

ಪರದೆಗೆ ಹೊಂದಿಕೊಳ್ಳುವ ವಿನ್ಯಾಸದ ಮಾತು ಬಂದಾಗ ನಾವು ಸಾಮಾನ್ಯವಾಗಿ ಫೋನ್, ಟ್ಯಾಬ್ಲೆಟ್, ಲ್ಯಾಪ್‌ಟಾಪ್ ಎಂಬ ಮೂರು ಅಳತೆಗಳನ್ನು ನೆನೆದು ಅಲ್ಲಿಗೇ ನಿಲ್ಲುತ್ತೇವೆ. ಯಂತ್ರಕ್ಕೆ ಹೊಂದಿಕೊಳ್ಳುವುದು ಒಂದು ಕೆಲಸ, ಅದನ್ನು ಬಳಸುವ ಮನುಷ್ಯರಿಗೆ ಹೊಂದಿಕೊಳ್ಳುವುದು ಇನ್ನೊಂದು ಕೆಲಸ, ಎರಡನೆಯದನ್ನು ಪುರಸೊತ್ತಿದ್ದಾಗ ಮಾಡಿದರಾಯಿತು ಎಂಬ ಭಾವನೆ ನಮ್ಮ ಕ್ಷೇತ್ರದಲ್ಲಿ ಗಟ್ಟಿಯಾಗಿ ಬೇರೂರಿದೆ. ಇವೆರಡೂ ಒಂದೇ ಕೆಲಸ ಎಂದು ನಾನು ಏಕೆ ಹೇಳುತ್ತೇನೆ ಎಂಬುದನ್ನು ಈ ವಿಡಿಯೋದಲ್ಲಿ ವಿವರಿಸುತ್ತೇನೆ.

[ತೆರೆಯ ಮೇಲೆ: 2007ರ ಐಫೋನ್‌ನ ರೇಖಾಚಿತ್ರ, ಅದರೊಳಗೆ ಇರುವೆಯಷ್ಟು ಸಣ್ಣ ಅಕ್ಷರಗಳ ಜಾಲಪುಟ.]

2007ರಲ್ಲಿ ಮೊದಲ ಐಫೋನ್ ಬಂದಾಗ ಅದರ ಪರದೆಯ ಅಗಲ ಕೇವಲ 320 ಪಿಕ್ಸೆಲ್ ಇತ್ತು. ಆ ಕಾಲದ ಜಾಲಪುಟಗಳಲ್ಲಿ ಹೆಚ್ಚಿನವು ಕಂಪ್ಯೂಟರ್‌ಗೆಂದೇ ತಯಾರಾಗಿದ್ದರಿಂದ, ಅದರ ಬ್ರೌಸರ್ ತನ್ನ ಅಗಲ 980 ಪಿಕ್ಸೆಲ್ ಎಂದು ಪುಟಕ್ಕೆ ಸುಳ್ಳು ಹೇಳಿ, ಬಂದ ಪುಟವನ್ನು ಕುಗ್ಗಿಸಿ ತೋರಿಸುತ್ತಿತ್ತು. ಓದಬೇಕಾದವರು ಎರಡು ಬೆರಳುಗಳಿಂದ ಹಿಗ್ಗಿಸಿಕೊಂಡು, ಪ್ರತಿ ಸಾಲಿಗೂ ಎಡಕ್ಕೂ ಬಲಕ್ಕೂ ಸರಿಸುತ್ತ ಓದಬೇಕಿತ್ತು. 2010ರ ಏಪ್ರಿಲ್‌ನಲ್ಲಿ 768 ಪಿಕ್ಸೆಲ್ ಅಗಲದ ಐಪ್ಯಾಡ್ ಮಾರುಕಟ್ಟೆಗೆ ಬಂದಿತು. ಮರು ತಿಂಗಳೇ ಈಥನ್ ಮಾರ್ಕಾಟ್ ಎಂಬ ವಿನ್ಯಾಸಕಾರರು ‘ಎ ಲಿಸ್ಟ್ ಅಪಾರ್ಟ್’ ಎಂಬ ಜಾಲಪತ್ರಿಕೆಯಲ್ಲಿ ಒಂದು ಲೇಖನ ಬರೆದು, ‘ರೆಸ್ಪಾನ್ಸಿವ್ ವೆಬ್ ಡಿಸೈನ್’ ಎಂಬ ಹೆಸರನ್ನು ಚಾಲ್ತಿಗೆ ತಂದರು. ಶೇಕಡಾವಾರು ಅಳತೆಯ ಕಂಬಸಾಲುಗಳು, ಜಾಗಕ್ಕೆ ತಕ್ಕಂತೆ ಕುಗ್ಗುವ ಚಿತ್ರಗಳು ಮತ್ತು ಪರದೆಯ ಅಗಲವನ್ನು ಕೇಳಿ ತಿಳಿದುಕೊಂಡು ನಿಯಮ ಬದಲಿಸುವ ಮೀಡಿಯಾ ಕ್ವೆರಿಗಳು, ಈ ಮೂರನ್ನು ಒಟ್ಟಿಗೆ ಬಳಸಿದರೆ ಒಂದೇ ಪುಟ ಎಲ್ಲ ಪರದೆಗಳಿಗೂ ಸಾಲುತ್ತದೆ ಎಂಬುದು ಅವರ ವಾದವಾಗಿತ್ತು.

ವಾದ ಗೆದ್ದಿತು, ಆದರೆ ಅದರ ಜೊತೆಗೇ ಒಂದು ಕೆಟ್ಟ ಅಭ್ಯಾಸವೂ ಹುಟ್ಟಿಕೊಂಡಿತು. 320, 768, 1024 ಎಂಬ ಸಂಖ್ಯೆಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡು, ಆ ಅಗಲಗಳಲ್ಲಿ ಮಾತ್ರ ಪುಟ ಅಂದವಾಗಿ ಕಂಡರೆ ಸಾಕೆಂದು ಬಹಳ ಜನ ತೃಪ್ತರಾದರು. ಆ ಸಂಖ್ಯೆಗಳು ಒಂದು ಕಂಪನಿಯ ಎರಡು ಸಾಧನಗಳ ಅಳತೆಗಳೇ ಹೊರತು ಓದುವಿಕೆಯ ಯಾವ ನಿಯಮವೂ ಅಲ್ಲ. ಪುಟವನ್ನು ಕಿರಿದಾಗಿಸುತ್ತ ಹೋಗಿ, ಯಾವ ಅಗಲದಲ್ಲಿ ಸಾಲು ಮುರಿದು ಓದಲು ಕಿರಿಕಿರಿಯಾಗುತ್ತದೆಯೋ ಅಲ್ಲಿ ವಿನ್ಯಾಸವನ್ನು ಬದಲಿಸುವುದು ಸರಿಯಾದ ಕ್ರಮ.

[ತೆರೆಯ ಮೇಲೆ: 1280 ಪಿಕ್ಸೆಲ್ ಅಗಲದ ಲ್ಯಾಪ್‌ಟಾಪ್, ಜೂಮ್ 100%, 200%, 400% ಎಂದು ಏರುತ್ತಿದೆ.]

ಈಗ ಲ್ಯಾಪ್‌ಟಾಪ್ ಕಡೆಗೆ ನೋಡಿ. ದೃಷ್ಟಿ ಮಂದವಾಗಿರುವ ಒಬ್ಬರು 1280 ಪಿಕ್ಸೆಲ್ ಅಗಲದ ಪರದೆಯಲ್ಲಿ ಪುಟವನ್ನು 400 ಪ್ರತಿಶತ ಹಿಗ್ಗಿಸಿದ್ದಾರೆ ಎಂದುಕೊಳ್ಳೋಣ. 1280ನ್ನು 4ರಿಂದ ಭಾಗಿಸಿದರೆ 320. ಬ್ರೌಸರ್‌ನ ಲೆಕ್ಕದಲ್ಲಿ ಆ ಲ್ಯಾಪ್‌ಟಾಪ್ ಈಗ ಮೊದಲ ಐಫೋನ್‌ನಷ್ಟೇ ಅಗಲ. ಫೋನಿಗೆಂದು ನೀವು ಬರೆದ ನಿಯಮಗಳೇ ಅಲ್ಲಿಯೂ ಜಾರಿಗೆ ಬರುತ್ತವೆ. 2018ರಲ್ಲಿ ಪ್ರಕಟವಾದ ಡಬ್ಲ್ಯೂಸಿಎಜಿ 2.1 ಎಂಬ, ಜಾಲಪುಟಗಳನ್ನು ಎಲ್ಲರೂ ಬಳಸುವಂತಾಗಿಸುವ ಅಂತರರಾಷ್ಟ್ರೀಯ ಮಾರ್ಗಸೂಚಿ, 320 ಪಿಕ್ಸೆಲ್ ಅಗಲದಲ್ಲಿಯೂ ಓದುಗರು ಅಡ್ಡಡ್ಡ ಸರಿಸದೆ ಓದುವಂತಿರಬೇಕು ಎಂದು ಹೇಳುವುದು ಇದೇ ಲೆಕ್ಕದ ಆಧಾರದ ಮೇಲೆ. ಹಾಗಾಗಿ ಪುಟ ಅಗ್ಗದ ಫೋನಿನಲ್ಲಿ ಸರಿಯಾಗಿ ಕಾಣಲೆಂದು ಪಟ್ಟ ಶ್ರಮದ ಫಲ, ದೊಡ್ಡ ಪರದೆಯ ಮುಂದೆ ಮೂಗು ತಾಗಿಸಿ ಕುಳಿತವರಿಗೂ ದಕ್ಕುತ್ತದೆ. ‘ಪುಟ ಅಲುಗಾಡಬಾರದು’ ಎಂಬ ಕಾರಣಕ್ಕೆ ಬೆರಳಿನಿಂದ ಹಿಗ್ಗಿಸುವುದನ್ನೇ ನಿಷೇಧಿಸುವ ವಿನ್ಯಾಸಕಾರರು ಇವರಿಬ್ಬರಿಗೂ ಅನ್ಯಾಯ ಮಾಡುತ್ತಾರೆ. 2016ರಲ್ಲಿ ಬಂದ, ಐಫೋನ್ ನಡೆಸುವ ತಂತ್ರಾಂಶವಾದ ಐಓಎಸ್ 10ರಿಂದೀಚೆಗೆ ಸಫಾರಿ ಬ್ರೌಸರ್ ಇಂಥ ನಿಷೇಧವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂಬುದು ನನಗೆ ಸಮಾಧಾನದ ಸಂಗತಿ.

[ತೆರೆಯ ಮೇಲೆ: ‘ಕತ್ತೆ’ ಎಂಬ ಪದ. ಕೆಳಗಿನಿಂದ ಒಂದು ಬಿಳಿ ಪಟ್ಟಿ ಮೇಲೇರುತ್ತದೆ, ‘ಕತೆ’ ಉಳಿಯುತ್ತದೆ.]

ಇನ್ನು ಕನ್ನಡದ ವಿಷಯ. ಇಂಗ್ಲಿಷಿನ ‘ಕ್ಯಾನ್ಸಲ್’ ಎಂಬ ಪದದಲ್ಲಿ ಸಾಲಿನ ಕೆಳಗೆ ಇಳಿಯುವ ಅಕ್ಷರ ಒಂದೂ ಇಲ್ಲ. ಆ ಪದವನ್ನಿಟ್ಟುಕೊಂಡು ಬಟನ್‌ನ ಎತ್ತರವನ್ನು ಇಷ್ಟೇ ಪಿಕ್ಸೆಲ್ ಎಂದು ಬಿಗಿಗೊಳಿಸಿ, ಸಾಲಿನ ಎತ್ತರವನ್ನು ಅಕ್ಷರದ ಗಾತ್ರಕ್ಕೆ ಸಮವಾಗಿಸಿ, ಹೊರಗೆ ಚಾಚಿದ್ದನ್ನು ಮರೆಮಾಡಲು ‘ಓವರ್‌ಫ್ಲೋ ಹಿಡನ್’ ಎಂದು ಬರೆದವರಿಗೆ ಏನೂ ತಪ್ಪು ಕಾಣಿಸಿರಲಾರದು. ಕನ್ನಡದಲ್ಲಿ ಒತ್ತಕ್ಷರ ಮೂಲ ಅಕ್ಷರದ ಕೆಳಗೇ ಕುಳಿತುಕೊಳ್ಳುತ್ತದೆ. ‘ರಾಷ್ಟ್ರೀಯ’ ಎಂಬಂಥ ಪದದಲ್ಲಂತೂ ಒಂದಲ್ಲ, ಎರಡು ಒತ್ತುಗಳಿಗೆ ಜಾಗ ಬೇಕು. ಅದನ್ನು ಕತ್ತರಿಸಿದರೆ ಪದ ಅಂದಗೆಡುವುದಷ್ಟೇ ಅಲ್ಲ, ಅರ್ಥವೇ ಬದಲಾಗುತ್ತದೆ: ಕತ್ತೆ ಕತೆಯಾಗುತ್ತದೆ, ಬಳ್ಳಿ ಬಳಿಯಾಗುತ್ತದೆ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಬಟನ್‌ಗೆ ನಿಗದಿತ ಎತ್ತರದ ಬದಲು ಕನಿಷ್ಠ ಎತ್ತರವನ್ನು ಹೇಳಬೇಕು, ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗಿಂತ ಕಡಿಮೆ ಮಾಡಬಾರದು, ಸುತ್ತಲಿನ ಅಂತರವನ್ನು ಪಿಕ್ಸೆಲ್‌ನಲ್ಲಿ ಬರೆಯದೆ ಅಕ್ಷರದ ಜೊತೆಗೇ ಬೆಳೆಯುವ ‘ಎಮ್’ ಅಳತೆಯಲ್ಲಿ ಬರೆಯಬೇಕು. ಆಂಡ್ರಾಯ್ಡ್ 14ರಿಂದ ಬಳಕೆದಾರರು ಅಕ್ಷರವನ್ನು 200 ಪ್ರತಿಶತದವರೆಗೆ ಹಿಗ್ಗಿಸಿಕೊಳ್ಳಬಹುದಾದ್ದರಿಂದ, ಬಟನ್ ಮೇಲಿನ ಪದ ಎರಡು ಸಾಲಿಗೆ ಇಳಿಯುವುದನ್ನು ಅಪರಾಧವೆಂದು ಎಣಿಸದೆ ಅದಕ್ಕೆ ಮೊದಲೇ ಜಾಗ ಬಿಟ್ಟಿರಬೇಕು.

ಆದರೆ ಎರಡು ಸಾಲಿಗೆ ಇಳಿಯಬೇಕೆಂದರೆ ಪದಗಳ ನಡುವೆ ಒಂದು ಸಂದು ಬೇಕಲ್ಲವೇ? ‘ಪರಿಶೀಲಿಸಲಾಗುತ್ತಿದೆ’ ಎಂಬುದು ಪ್ರತ್ಯಯಗಳನ್ನು ಬೆಸೆದುಕೊಂಡ ಒಂದೇ ಪದ. ಕಿರಿದಾದ ಪರದೆಯಲ್ಲಿ ಅದು ಹೊರಗೆ ಚಾಚುತ್ತದೆ, ಇಲ್ಲವೇ ಎಲ್ಲೆಂದರಲ್ಲಿ ತುಂಡಾಗುತ್ತದೆ. ‘ಪರಿಶೀಲನೆ ನಡೆಯುತ್ತಿದೆ’ ಎಂದು ಬರೆದರೆ ನಡುವಿನ ಖಾಲಿ ಜಾಗದಲ್ಲಿ ಸಾಲು ಸಹಜವಾಗಿ ಮಡಚಿಕೊಳ್ಳುತ್ತದೆ, ಕನ್ನಡವೂ ಹಗುರವಾಗುತ್ತದೆ. ಅನುವಾದಕರನ್ನು ಕೊನೆಯ ದಿನ ಕರೆದು ಕೋಷ್ಟಕವೊಂದನ್ನು ಕೈಗೆ ಕೊಡುವ ಬದಲು, ವಿನ್ಯಾಸ ನಡೆಯುವಾಗಲೇ ಪಕ್ಕದಲ್ಲಿ ಕೂರಿಸಿಕೊಳ್ಳಬೇಕೆಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ. ಪದವನ್ನು ‘ಇಷ್ಟು ಅಕ್ಷರಕ್ಕೆ ಕತ್ತರಿಸು’ ಎಂದು ಕೋಡ್‌ಗೆ ಹೇಳುವುದಂತೂ ಇನ್ನೂ ಅಪಾಯಕಾರಿ: ನಮ್ಮ ಕಣ್ಣಿಗೆ ಒಂದೇ ಅಕ್ಷರವಾಗಿರುವ ‘ಸ್ತ್ರೀ’, ಕಂಪ್ಯೂಟರ್‌ಗಳು ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಪದ್ಧತಿಯಲ್ಲಿ ಆರು ಸಂಕೇತಗಳ ಸಾಲು, ಮೂರಕ್ಕೆ ಕತ್ತರಿಸಿದರೆ ಉಳಿಯುವುದು ‘ಸ್ತ’ ಮಾತ್ರ.

ಅಕ್ಷರದ ಗಾತ್ರದಂತೆಯೇ ಬಳಕೆದಾರರು ತಮ್ಮ ಸಾಧನಕ್ಕೆ ಮೊದಲೇ ಹೇಳಿಟ್ಟಿರುವ ಮಾತುಗಳು ಇನ್ನೂ ಇವೆ. ಕಪ್ಪು ಹಿನ್ನೆಲೆ ಬೇಕು, ತಲೆ ತಿರುಗುವುದರಿಂದ ಚಲನೆ ಕಡಿಮೆ ಇರಲಿ, ಬಣ್ಣಗಳ ನಡುವಿನ ವ್ಯತ್ಯಾಸ ಎದ್ದು ಕಾಣಲಿ ಎಂಬ ಆಯ್ಕೆಗಳನ್ನೆಲ್ಲ ಇಂದಿನ ಮೀಡಿಯಾ ಕ್ವೆರಿಗಳು ಓದಬಲ್ಲವು. ಕೈಯಲ್ಲಿರುವುದು ಮೌಸೋ ಬೆರಳೋ ಎಂಬುದನ್ನೂ ಅವು ಹೇಳುತ್ತವೆ. ಬೆರಳಿಗೆ ಸುಳಿದಾಡುವ ಬಾಣವಿಲ್ಲವಾದ್ದರಿಂದ, ಮೌಸ್ ತಂದಿಟ್ಟರೆ ಮಾತ್ರ ಬಿಚ್ಚಿಕೊಳ್ಳುವ ಮೆನು ಫೋನಿನಲ್ಲಿ ಬೀಗ ಹಾಕಿದ ಬಾಗಿಲಿನಂತೆ.

[ತೆರೆಯ ಮೇಲೆ: ಹಳೆಯ ಮಾದರಿಯ ಮೆನು, ಕೆಳಗೆ ಕೆಳಮುಖದ ಜೋಡಿ ಬಾಣ.]

ಕೇಳದೆಯೇ ಊಹಿಸುವುದು ಮಾತ್ರ ಬೇರೆಯದೇ ವಿಷಯ. ಮೈಕ್ರೋಸಾಫ್ಟ್ ತನ್ನ ಆಫೀಸ್ 2000ದಲ್ಲಿ, ಬಳಕೆದಾರರು ಹೆಚ್ಚು ಬಳಸುವ ಆಜ್ಞೆಗಳನ್ನಷ್ಟೇ ಮೆನುವಿನಲ್ಲಿ ತೋರಿಸಿ ಉಳಿದವನ್ನು ಜೋಡಿ ಬಾಣದ ಹಿಂದೆ ಅಡಗಿಸುವ ಏರ್ಪಾಡು ಮಾಡಿತ್ತು. ಉದ್ದೇಶ ಒಳ್ಳೆಯದೇ, ಆದರೆ ನಿನ್ನೆ ಮೂರನೆಯ ಸಾಲಿನಲ್ಲಿದ್ದದ್ದು ಇಂದು ಐದನೆಯದಕ್ಕೆ ಸರಿದರೆ ಕೈಗೆ ಬಂದ ರೂಢಿ ವ್ಯರ್ಥವಾಗುತ್ತದೆ. ಅಡುಗೆಮನೆಯ ಡಬ್ಬಿಗಳನ್ನು ಪ್ರತಿ ರಾತ್ರಿ ಯಾರೋ ‘ನಿಮ್ಮ ಅನುಕೂಲಕ್ಕೆ’ ಸ್ಥಳ ಬದಲಿಸಿಟ್ಟರೆ ಹೇಗಿರುತ್ತದೆ, ಯೋಚಿಸಿ. ಆಫೀಸ್ 2007ರ ವರ್ಡ್ ಮತ್ತು ಎಕ್ಸೆಲ್‌ಗಳಲ್ಲಿ ಆ ಮೆನುಗಳ ಜಾಗಕ್ಕೆ, ಆಜ್ಞೆಗಳನ್ನು ಗುಂಪುಗುಂಪಾಗಿ ಜೋಡಿಸಿದ ‘ರಿಬ್ಬನ್’ ಎಂಬ ಪಟ್ಟಿ ಬಂದಿತು.

ಇದೇ ಊಹೆಯ ಚಾಳಿ ಇಂದು ಭಾಷೆಯ ವಿಷಯದಲ್ಲಿ ಕಾಣುತ್ತದೆ. ಫೋನ್ ಬೆಂಗಳೂರಿನಲ್ಲಿದೆ ಎಂದ ಮಾತ್ರಕ್ಕೆ ಅದರ ಒಡೆಯರು ಕನ್ನಡ ಓದುತ್ತಾರೆಂದು ಹೇಳಲಾಗದು. ಕಾಸರಗೋಡಿನಲ್ಲೋ ದುಬೈನಲ್ಲೋ ಇದ್ದ ಮಾತ್ರಕ್ಕೆ ಓದುವುದಿಲ್ಲವೆಂದೂ ಹೇಳಲಾಗದು. ಬ್ರೌಸರ್ ಪ್ರತಿ ಕೋರಿಕೆಯ ಜೊತೆಗೂ ಬಳಕೆದಾರರ ಭಾಷೆಗಳ ಪಟ್ಟಿಯನ್ನು ಕಳುಹಿಸುತ್ತದೆ. ಮೊದಲು ಅದನ್ನು ನೋಡಬೇಕು, ಆಮೇಲೂ ಬದಲಿಸುವ ದಾರಿಯನ್ನು ಮೇಲ್ತುದಿಯಲ್ಲೇ ಕಾಣುವಂತೆ ಇಡಬೇಕು. ಭಾಷೆ ಬದಲಿಸುವ ಆ ಜಾಗದಲ್ಲಿ ಕನ್ನಡದ ಹೆಸರು ಕನ್ನಡ ಲಿಪಿಯಲ್ಲೇ ಇರಬೇಕು, ಏಕೆಂದರೆ ಅದನ್ನು ಹುಡುಕುತ್ತಿರುವವರಿಗೆ ಬೇರೆ ಲಿಪಿ ಬಾರದಿರಬಹುದು. ಪುಟದ ಭಾಷೆ ಕನ್ನಡವೆಂದು ಕೋಡ್‌ನಲ್ಲಿಯೂ ನಮೂದಿಸದಿದ್ದರೆ, ಪರದೆಯನ್ನು ಓದಿ ಹೇಳುವ ತಂತ್ರಾಂಶ ಕನ್ನಡ ಧ್ವನಿಯನ್ನು ಆರಿಸಿಕೊಳ್ಳದೆ ತೊದಲಬಹುದು.

[ತೆರೆಯ ಮೇಲೆ: ಅರ್ಧ ತುಂಬಿದ ಒಂದು ಅರ್ಜಿ. ಬೆರಳು ‘ಕನ್ನಡ’ ಎಂಬುದನ್ನು ಒತ್ತುತ್ತದೆ.]

ಅರ್ಜಿಯನ್ನು ಅರ್ಧ ತುಂಬಿದ ಮೇಲೆ ಭಾಷೆ ಬದಲಿಸಿದವರನ್ನು ಮುಖಪುಟಕ್ಕೆ ಎಸೆಯುವ ಪುಟಗಳು ಈಗಲೂ ಇವೆ. ಇಲ್ಲಿ ನಾವು ಕಟ್ಟಿರುವ ಮಾದರಿಯನ್ನು ನೋಡಿ: ಶೀರ್ಷಿಕೆಗಳು ಕನ್ನಡಕ್ಕೆ ತಿರುಗಿವೆ, ಬಟನ್ ಎರಡು ಸಾಲಿನಷ್ಟು ಎತ್ತರಕ್ಕೆ ಬೆಳೆದಿದೆ, ‘ರದ್ದುಗೊಳಿಸಿ’ಯ ಒತ್ತು ಪೂರ್ತಿಯಾಗಿ ಕಾಣುತ್ತಿದೆ, ಮೊದಲೇ ತುಂಬಿದ್ದ ಮೊಬೈಲ್ ಸಂಖ್ಯೆಯೂ ಇದ್ದ ಜಾಗದಲ್ಲೇ ಇದೆ.